ಮನಸ್ಸಾಕ್ಷಿಗೆ ತೆತ್ತ ಬೆಲೆ: ಲಾರ್ಡ್ ರಿಪ್ಪನ್‌ರ ಬದುಕು

ನಮ್ಮ ಲಿಂಗಸುಗೂರಿಗೆ ‘ಛಾವಣಿ’ ಎಂಬ ಇನ್ನೊಂದು ಹೆಸರುಂಟು. ಮೂಲ ಗ್ರಾಮವಾದ ಕಸಬಾ ಲಿಂಗಸುಗೂರು ಬೇರೆ, ದಂಡು ಬೀಡುಬಿಟ್ಟಿದ್ದ ಛಾವಣಿ ಬೇರೆ. ಇಂದು ಬಸ್ ನಿಲ್ದಾಣ, ಕಚೇರಿ, ಅಂಗಡಿ ಮುಂಗಟ್ಟುಗಳಿಂದ ತುಂಬಿರುವ ಈ ಪೇಟೆಯಲ್ಲಿ ಒಂದು ಕಾಲಕ್ಕೆ ಹೈದರಾಬಾದ್ ಕಂಟಿಂಜೆಂಟ್ ಎಂಬ ಸೈನ್ಯದ ಕುದುರೆಗಳು ಕೆನೆಯುತ್ತಿದ್ದವು. ನಿಜಾಮನ ಹಣದಿಂದ ಸಾಕಲ್ಪಟ್ಟು ಬ್ರಿಟಿಷ್ ಅಧಿಕಾರಿಗಳ ಆಜ್ಞೆಯಂತೆ ನಡೆಯುತ್ತಿದ್ದ ವಿಚಿತ್ರ ಸೈನ್ಯವದು. ಅದರ ಖರ್ಚಿನ ಬಾಕಿ ಬೆಳೆದು, 1853ರ ಮೇ ತಿಂಗಳ ಒಪ್ಪಂದದಂತೆ ಬೀರಾರ್ ಪ್ರಾಂತ್ಯದೊಡನೆ ನಮ್ಮ ರಾಯಚೂರು ದೋಆಬ್ ಕೂಡ ಕಂಪನಿ ಸರ್ಕಾರದ ಕೈಗೆ ಹೋಯಿತು. 1858ರ ಫೆಬ್ರವರಿಯಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕರ ಮೇಲೆ ಮೊದಲು ಏರಿಹೋದ ದಂಡು ಹೊರಟಿದ್ದು ಇದೇ ಛಾವಣಿಯಿಂದ. 1860ರಲ್ಲಿ ದೋಆಬ್ ಮರಳಿ ನಿಜಾಮನಿಗೆ ಸೇರಿತು. ಮುಂದೆ ಸಾಲಾರ್ ಜಂಗರು ಜಿಲ್ಲಾಬಂದಿ ವ್ಯವಸ್ಥೆ ತಂದಾಗ ಲಿಂಗಸುಗೂರು ಒಂದು ಜಿಲ್ಲೆಯಾಗಿ 1905ರವರೆಗೂ ಉಳಿಯಿತು.

ಹೀಗೆ ಕೃಷ್ಣಾ ತುಂಗಭದ್ರೆಯರ ನಡುವಿನ ಈ ಎರೆಭೂಮಿಯ ರೈತನ ಹಣೆಬರಹ ಲಂಡನ್ನಿನಲ್ಲಿ, ಕಲ್ಕತ್ತೆಯಲ್ಲಿ, ಹೈದರಾಬಾದಿನಲ್ಲಿ ಬರೆಯಲ್ಪಡುತ್ತಿತ್ತು. ಅದನ್ನು ಬರೆದವರ ಹೆಸರುಗಳೂ ಅವನಿಗೆ ತಿಳಿದಿರಲಿಲ್ಲ. ಅಂಥವರಲ್ಲಿ ಒಬ್ಬರನ್ನು ಇಂದು ನಿಮಗೆ ಪರಿಚಯಿಸಬೇಕೆಂದಿದ್ದೇನೆ. ನಮ್ಮ ನೆಲ ಕಂಪನಿಯ ವಶವಾದ ಅದೇ 1853ರಲ್ಲಿ ಅವರು ಹಡರ್ಸ್‌ಫೀಲ್ಡ್ ಎಂಬ ಗಿರಣಿಯೂರಿನ ಪ್ರತಿನಿಧಿಯಾಗಿ ಬ್ರಿಟಿಷ್ ಪಾರ್ಲಿಮೆಂಟಿನ ಕಾಮನ್ಸ್ ಸಭೆಯಲ್ಲಿ ಕುಳಿತಿದ್ದರು. ಇಪ್ಪತ್ತೇಳು ವರ್ಷಗಳ ಮೇಲೆ ಭಾರತದ ವೈಸರಾಯ್ ಆಗಿ ಬಂದರು. ಈ ಎರಡರ ನಡುವೆ, ತಮ್ಮ ರಾಜಕೀಯ ಬದುಕು ಮುಗಿದೇಹೋಯಿತೆಂದು ಎಲ್ಲರೂ ಭಾವಿಸಿದ ಒಂದು ಹೆಜ್ಜೆಯನ್ನಿಟ್ಟು ಕಥೋಲಿಕ ಧರ್ಮಸಭೆಯನ್ನು ಸೇರಿದರು. ಅವರೇ ಲಾರ್ಡ್ ರಿಪ್ಪನ್.

ಶಾಲೆಯ ಪಠ್ಯಪುಸ್ತಕದಲ್ಲಿ ‘ಸ್ಥಳೀಯ ಸ್ವಯಮಾಡಳಿತದ ಪಿತಾಮಹ’ ಎಂಬ ಒಂದು ಸಾಲನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಆ ಸಾಲಿನ ಹಿಂದೆ ಒಬ್ಬ ವಿಶ್ವಾಸಿಯ ಹೋರಾಟವಿದೆ ಎಂಬುದನ್ನು ಪಠ್ಯಪುಸ್ತಕ ಹೇಳುವುದಿಲ್ಲ.

ಪ್ರಧಾನಿಯ ಮನೆಯಲ್ಲಿ ಹುಟ್ಟಿದ ಮಗು

ಜಾರ್ಜ್ ಫ್ರೆಡರಿಕ್ ಸ್ಯಾಮ್ಯುಯೆಲ್ ರಾಬಿನ್‌ಸನ್ ಹುಟ್ಟಿದ್ದು 1827ರ ಅಕ್ಟೋಬರ್ 24ರಂದು, ಲಂಡನ್ನಿನ 10ನೇ ನಂಬರ್ ಡೌನಿಂಗ್ ಸ್ಟ್ರೀಟ್‌ನಲ್ಲಿ. ಅದು ಇಂಗ್ಲೆಂಡಿನ ಪ್ರಧಾನಿಯ ನಿವಾಸ. ತಂದೆ ಲಾರ್ಡ್ ಗೋಡ್ರಿಚ್ ಆಗ ಪ್ರಧಾನಿಯಾಗಿದ್ದರು. ಆ ಪದವಿ ಅವರಿಗೆ ದಕ್ಕಿದ್ದು ಐದು ತಿಂಗಳಿಗೂ ಕಡಿಮೆ ಕಾಲ. ಪ್ರಧಾನಿಯಾಗಿ ಒಂದು ದಿನವೂ ಪಾರ್ಲಿಮೆಂಟನ್ನು ಎದುರಿಸದೆಯೇ ಅವರು ಕೆಳಗಿಳಿದರು. ಮಗು ಮಾತ್ರ ದೊಡ್ಡ ಮನೆತನದ ಏಕೈಕ ಕುಡಿಯಾಗಿ ಬೆಳೆಯಿತು. ಶಾಲೆಗೂ ಹೋಗಲಿಲ್ಲ, ವಿಶ್ವವಿದ್ಯಾಲಯಕ್ಕೂ ಹೋಗಲಿಲ್ಲ. ಮನೆಯೇ ಪಾಠಶಾಲೆಯಾಯಿತು. ತನ್ನ ಅಂತಸ್ತಿನ ಹುಡುಗರೊಡನೆ ಬೆರೆತು ಅವರಂತೆಯೇ ಯೋಚಿಸುವ ಅಚ್ಚಿನಲ್ಲಿ ಅವರು ಬೀಳದಿರಲು ಇದೂ ಒಂದು ಕಾರಣವಿರಬೇಕು.

ಯೌವನದಲ್ಲಿ ಅವರನ್ನು ಸೆಳೆದದ್ದು ‘ಕ್ರೈಸ್ತ ಸಮಾಜವಾದ’ ಎಂಬ ಚಳವಳಿ. ಆಂಗ್ಲಿಕನ್ ಸಭೆಯ ಪಾದ್ರಿ ಎಫ್. ಡಿ. ಮಾರಿಸ್, ಚಾರ್ಲ್ಸ್ ಕಿಂಗ್ಸ್‌ಲಿ, ಥಾಮಸ್ ಹ್ಯೂಸ್ ಮುಂತಾದವರು ಅದರ ಮುಂದಾಳುಗಳು. ಗಿರಣಿಗಳಲ್ಲಿ ಹಗಲಿರುಳು ದುಡಿಯುವ ಬಡವನಿಗೆ ಭಾನುವಾರದ ಪ್ರಬೋಧನೆ ಮಾತ್ರ ಸಾಲದು, ಅವನ ಕೂಲಿ, ಅವನ ಮನೆ, ಅವನ ಮಕ್ಕಳ ವಿದ್ಯೆ ಇವೂ ಧರ್ಮದ ಕಾಳಜಿಯೇ ಎಂಬುದು ಅವರ ನಂಬಿಕೆ. 1852ರಲ್ಲಿ ಯಂತ್ರಕಾರ್ಮಿಕರನ್ನು ಮಾಲೀಕರು ಹೊರಗಿಟ್ಟು ಕಾರ್ಖಾನೆಗಳಿಗೆ ಬೀಗ ಜಡಿದಾಗ ಈ ಶ್ರೀಮಂತ ಯುವಕ ಕಾರ್ಮಿಕರ ಪರವಾಗಿ ನಿಂತರು. ಅದೇ ವರ್ಷ ‘ಈ ಯುಗದ ಕರ್ತವ್ಯ’ ಎಂಬ ಅರ್ಥದ ಹೆಸರಿಟ್ಟು ಪ್ರಜಾಪ್ರಭುತ್ವವನ್ನು ಎತ್ತಿಹಿಡಿಯುವ ಕಿರುಹೊತ್ತಗೆ ಬರೆದರು. ಅದು ಎಷ್ಟು ಖಾರವಾಗಿತ್ತೆಂದರೆ ಸ್ವತಃ ಮಾರಿಸ್ ಅವರೇ ಅದರ ಪ್ರಸಾರವನ್ನು ತಡೆದರು.

ಕಾಮನ್ಸ್ ಸಭೆಯ ಏಳು ವರ್ಷಗಳು

1852ರ ಚುನಾವಣೆಯಲ್ಲಿ ಹಲ್ ಎಂಬ ಬಂದರು ಪಟ್ಟಣದಿಂದ ಅವರು ಗೆದ್ದರು. ಆದರೆ ಮತದಾರರಿಗೆ ಲಂಚ ಹಂಚಲಾಗಿತ್ತೆಂದು ದೂರು ಹೋಗಿ, 1853ರಲ್ಲಿ ಆ ಚುನಾವಣೆಯೇ ರದ್ದಾಯಿತು. ತಪ್ಪು ಅವರ ಕಡೆಯ ಏಜೆಂಟರದು. ಅದರಲ್ಲಿ ಅವರ ಸ್ವಂತ ಕೈವಾಡವಿರಲಿಲ್ಲ. ಆದರೂ ಸ್ಥಾನ ಹೋಯಿತು. ಓಟಿಗೆ ನೋಟು ಎಂಬ ರೋಗ ನಮ್ಮ ಕಾಲದ್ದು, ನಮ್ಮ ದೇಶದ್ದು ಮಾತ್ರ ಎಂದು ತಿಳಿದವರು ಇದನ್ನು ಗಮನಿಸಬೇಕು. ಅಲ್ಲಿಯೂ ಅದಿತ್ತು, ಕಾನೂನು ಬಿಗಿಯಾದಂತೆ, ರಹಸ್ಯ ಮತದಾನ ಬಂದಂತೆ ಅದು ಕ್ರಮೇಣ ಕಡಿಮೆಯಾಯಿತು.

ಅದೇ ವರ್ಷ ಹಡರ್ಸ್‌ಫೀಲ್ಡ್‌ನಿಂದ, ಮತ್ತೆ 1857ರಲ್ಲಿ ಯಾರ್ಕ್‌ಶೈರ್‌ನ ವೆಸ್ಟ್ ರೈಡಿಂಗ್ ಎಂಬ ದೊಡ್ಡ ಕ್ಷೇತ್ರದಿಂದ ಅವರು ಆಯ್ಕೆಯಾದರು. ಪಾರ್ಲಿಮೆಂಟಿನಲ್ಲಿ ಅವರು ಹಿಡಿದು ಸಾಧಿಸಿದ ಒಂದು ವಿಷಯವನ್ನು ಇಲ್ಲಿ ಹೇಳಲೇಬೇಕು. ಆಗ ಸರ್ಕಾರಿ ಹುದ್ದೆಗಳು ದೊರೆಯುತ್ತಿದ್ದುದು ವಶೀಲಿಯಿಂದ. ಯಾರ ಮಗ, ಯಾರ ಅಳಿಯ ಎಂಬುದೇ ಅರ್ಹತೆ. ಅದರ ಬದಲಿಗೆ ಬಹಿರಂಗ ಸ್ಪರ್ಧಾ ಪರೀಕ್ಷೆ ಬರಬೇಕೆಂದು ಅವರು 1856ರಲ್ಲಿ ಸದನದ ಮುಂದೆ ನಿರ್ಣಯ ತಂದರು. ಪ್ರಧಾನಿಯ ಮಗನಾಗಿ ಹುಟ್ಟಿ, ಹುಟ್ಟಿನ ಬಲದಿಂದಲೇ ಎಲ್ಲವನ್ನೂ ಪಡೆಯಬಹುದಾಗಿದ್ದವರು ಹುಟ್ಟಿನ ಬಲ ಸಾಲದು ಎಂದು ವಾದಿಸಿದರು.

1859ರ ಜನವರಿಯಲ್ಲಿ ತಂದೆ ತೀರಿಕೊಂಡರು. ಪದವಿ ಮಗನಿಗೆ ಬಂದಿತು. ಪದವಿ ಬಂದವರು ಆಗ ಕಾಮನ್ಸ್ ಸಭೆಯಲ್ಲಿ ಕೂಡುವಂತಿರಲಿಲ್ಲ. ಲಾರ್ಡ್ಸ್ ಸಭೆಗೆ ಹೋಗಬೇಕಿತ್ತು. ಹೀಗೆ ಜನರಿಂದ ಆಯ್ಕೆಯಾದ ಪ್ರತಿನಿಧಿಯ ಬದುಕು ಮುಗಿದು, ಮಂತ್ರಿಯ ಬದುಕು ಆರಂಭವಾಯಿತು. 1863ರಿಂದ ಯುದ್ಧ ಖಾತೆ, 1866ರಲ್ಲಿ ಕೆಲವು ತಿಂಗಳು ಭಾರತದ ಖಾತೆ, 1868ರಿಂದ ಗ್ಲ್ಯಾಡ್‌ಸ್ಟನ್‌ರ ಸಂಪುಟದಲ್ಲಿ ಕೌನ್ಸಿಲ್ಲಿನ ಲಾರ್ಡ್ ಪ್ರೆಸಿಡೆಂಟ್. ಇಂಗ್ಲೆಂಡಿನ ಪ್ರತಿ ಮಗುವಿಗೂ ಪ್ರಾಥಮಿಕ ಶಾಲೆ ದೊರಕುವಂತೆ ಮಾಡಿದ 1870ರ ಶಿಕ್ಷಣ ಕಾಯಿದೆ ಈ ಅವಧಿಯದು. 1871ರಲ್ಲಿ ಅಮೆರಿಕಾದೊಡನೆ ಇದ್ದ ಹಳೆಯ ವೈಮನಸ್ಯವನ್ನು ಯುದ್ಧವಿಲ್ಲದೆ, ಮಧ್ಯಸ್ಥಿಕೆಯಿಂದ ತೀರಿಸುವ ವಾಷಿಂಗ್ಟನ್ ಒಪ್ಪಂದಕ್ಕೆ ಅವರೇ ಮುಖ್ಯ ಸಂಧಾನಕಾರರು. ಆ ಸೇವೆಗೆ ಮಾರ್ಕ್ವಿಸ್ ಪದವಿ ದೊರೆಯಿತು. ಮುಂದೊಂದು ದಿನ ಪ್ರಧಾನಿಯಾಗಬಲ್ಲವರೆಂಬ ಮಾತೂ ಅಸಂಗತವಾಗಿರಲಿಲ್ಲ.

1874ರ ಸೆಪ್ಟೆಂಬರ್ 7

ಅವರ ಮನೆಗೆ ಒಂದು ದುಃಖ ಬಂದೆರಗಿದ್ದು 1870ರ ಏಪ್ರಿಲ್‌ನಲ್ಲಿ. ಪತ್ನಿ ಹೆನ್ರಿಯೆಟ್ಟಾ ಅವರ ತಮ್ಮ ಫ್ರೆಡರಿಕ್ ವೈನರ್ ಎಂಬ ತರುಣ ಗ್ರೀಸ್ ದೇಶದಲ್ಲಿ ಪ್ರವಾಸ ಹೋಗಿದ್ದಾಗ ಡಕಾಯಿತರ ಕೈಗೆ ಸಿಕ್ಕಿ, ದಿಲೆಸಿ ಎಂಬಲ್ಲಿ ಸಂಗಡಿಗರೊಡನೆ ಕೊಲೆಯಾದನು. ಹಣ, ಪದವಿ, ಬ್ರಿಟಿಷ್ ಸಾಮ್ರಾಜ್ಯದ ಬಲ ಯಾವುದೂ ಆ ಹುಡುಗನನ್ನು ಉಳಿಸಲಿಲ್ಲ. ಈ ಸಾವು ರಿಪ್ಪನ್‌ರನ್ನು ಒಳಗಿನಿಂದ ಅಲುಗಿಸಿತು. ಪ್ರಾರ್ಥನೆ, ಓದು, ಚಿಂತನೆಗಳಲ್ಲಿ ಅವರು ಮುಳುಗಿದರು. 1873ರಲ್ಲಿ ಮಂತ್ರಿಪದವಿಯಿಂದ ಹೊರಬಂದರು.

ಆಗ ಅವರು ಇಂಗ್ಲೆಂಡಿನ ಫ್ರೀಮೇಸನ್ ಸಂಘದ ಗ್ರ್ಯಾಂಡ್ ಮಾಸ್ಟರ್. ನಮ್ಮ ಧರ್ಮಸಭೆ ಆ ಸಂಘದ ಸದಸ್ಯತ್ವವನ್ನು ನಿಷೇಧಿಸಿರುವುದು ನಿಮಗೆ ತಿಳಿದೇ ಇದೆ. 1874ರಲ್ಲಿ ಅವರು ಆ ಸ್ಥಾನಕ್ಕೆ ಇದ್ದಕ್ಕಿದ್ದಂತೆ ರಾಜೀನಾಮೆ ಕೊಟ್ಟಾಗ ಕಾರಣ ಯಾರಿಗೂ ಹೊಳೆಯಲಿಲ್ಲ. ಕೆಲವೇ ದಿನಗಳಲ್ಲಿ ತಿಳಿಯಿತು. ಸೆಪ್ಟೆಂಬರ್ 7ರಂದು, ಮಾತೆ ಮರಿಯಮ್ಮನವರ ಜನನದ ಹಬ್ಬದ ಹಿಂದಿನ ದಿನ, ಲಂಡನ್ನಿನ ಬ್ರಾಂಪ್ಟನ್ ಓರೆಟರಿಯಲ್ಲಿ ಅವರು ಕಥೋಲಿಕ ಧರ್ಮಸಭೆಗೆ ಸೇರಿದರು.

ಅಂದಿನ ಇಂಗ್ಲೆಂಡಿನಲ್ಲಿ ಇದರ ಅರ್ಥವೇನೆಂದು ಇಂದಿನ ಓದುಗರಿಗೆ ಊಹಿಸುವುದು ಕಷ್ಟ. ಕಥೋಲಿಕರಿಗೆ ಪಾರ್ಲಿಮೆಂಟಿನ ಬಾಗಿಲು ತೆರೆದದ್ದೇ 1829ರಲ್ಲಿ. ಎಂಟನೆಯ ಹೆನ್ರಿಯ ಕಾಲದಿಂದ ಮೂರು ಶತಮಾನ ‘ಪೋಪ್‌ಪಕ್ಷದವರು’ ಎಂದರೆ ದೇಶದ್ರೋಹದ ವಾಸನೆಯುಳ್ಳವರು ಎಂದೇ ಭಾವನೆ. ಮೇಲಾಗಿ 1870ರಲ್ಲಿ ಮೊದಲನೆಯ ವ್ಯಾಟಿಕನ್ ಮಹಾಸಭೆ ಜಗದ್ಗುರುವಿನ ದೋಷಾತೀತತೆಯನ್ನು ಘೋಷಿಸಿತ್ತು. ಲಂಡನ್ನಿನ ‘ಟೈಮ್ಸ್’ ಪತ್ರಿಕೆ ರಿಪ್ಪನ್‌ರನ್ನು ಕಟುವಾಗಿ ಖಂಡಿಸಿತು. ಕಥೋಲಿಕನಾದ ರಾಜಕಾರಣಿ ಇಂಗ್ಲಿಷ್ ಜನರ ವಿಶ್ವಾಸವನ್ನು ಕಳೆದುಕೊಂಡಂತೆಯೇ ಎಂಬುದು ಅದರ ತೀರ್ಪು.

ಹೆಚ್ಚು ನೋವು ತಂದದ್ದು ಸ್ನೇಹಿತರ ಮಾತು. ಅವರ ನಾಯಕರಾಗಿದ್ದ ಗ್ಲ್ಯಾಡ್‌ಸ್ಟನ್‌ರೇ ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ ಲೇಖನವೊಂದನ್ನೂ ಕಿರುಹೊತ್ತಗೆಯೊಂದನ್ನೂ ಪ್ರಕಟಿಸಿದರು. ಕಥೋಲಿಕನಾಗುವವನು ತನ್ನ ಬುದ್ಧಿಯ ಸ್ವಾತಂತ್ರ್ಯವನ್ನು ಬಿಟ್ಟುಕೊಡುತ್ತಾನೆ, ತನ್ನ ನಾಡಿನ ಮೇಲಿನ ನಿಷ್ಠೆಯನ್ನು ಮತ್ತೊಬ್ಬರ ಕೈಗೆ ಒಪ್ಪಿಸುತ್ತಾನೆ ಎಂಬುದು ಅವುಗಳ ಸಾರ. ಅದಕ್ಕೆ ಮರುವರ್ಷ ಉತ್ತರ ಕೊಟ್ಟವರು ಜಾನ್ ಹೆನ್ರಿ ನ್ಯೂಮನ್; 2019ರಲ್ಲಿ ಸಂತಪದವಿಗೇರಿದ ಅದೇ ಕಾರ್ಡಿನಲ್ ನ್ಯೂಮನ್. ನಾರ್ಫೋಕ್ ಡ್ಯೂಕರಿಗೆ ಬರೆದ ಪತ್ರದ ರೂಪದಲ್ಲಿರುವ ಆ ಉತ್ತರದಲ್ಲಿ ಮನಸ್ಸಾಕ್ಷಿಯ ಹಿರಿಮೆಯನ್ನು ಅವರು ವಿವರಿಸಿದ ಬಗೆ ಇಂದಿಗೂ ದೈವಶಾಸ್ತ್ರದ ವಿದ್ಯಾರ್ಥಿಗಳಿಗೆ ಪಾಠವಾಗಿದೆ.

ರಿಪ್ಪನ್‌ರು ಮಾತ್ರ ವಾದಕ್ಕಿಳಿಯಲಿಲ್ಲ. ತಮ್ಮ ಊರಾದ ಸ್ಟಡ್ಲಿ ರಾಯಲ್‌ಗೆ ಹಿಂದಿರುಗಿ ಮೌನವಾಗಿದ್ದರು. ಪತ್ನಿ ಆಂಗ್ಲಿಕನ್ ಆಗಿಯೇ ಉಳಿದರು. ಆಕೆಯ ಮೇಲೆ ಅವರು ಒತ್ತಡ ತರಲಿಲ್ಲ. ಅವರ ತೋಟದೊಳಗೇ ಫೌಂಟನ್ಸ್ ಎಂಬ ಸಿಸ್ಟರ್ಷಿಯನ್ ಮಠದ ಅವಶೇಷಗಳಿವೆ. 1539ರಲ್ಲಿ ಎಂಟನೆಯ ಹೆನ್ರಿ ಮುಚ್ಚಿಸಿದ ಮಠವದು. ಚಾವಣಿಯಿಲ್ಲದ ಆ ಕಲ್ಲುಕಂಬಗಳ ನಡುವೆ ನಡೆದಾಡುತ್ತ, ಅಧಿಕಾರದ ಬಾಗಿಲು ಮುಚ್ಚಿತೆಂದೇ ತಿಳಿದು ಅವರು ಆರು ವರ್ಷ ಕಳೆದರು.

ಮತ್ತೆ ಬಂದ ಕರೆ

1880ರಲ್ಲಿ ಗ್ಲ್ಯಾಡ್‌ಸ್ಟನ್ ಮರಳಿ ಪ್ರಧಾನಿಯಾದರು. ಭಾರತಕ್ಕೆ ವೈಸರಾಯ್ ಬೇಕಿತ್ತು. ಕಥೋಲಿಕನ ನಿಷ್ಠೆಯನ್ನು ನಂಬಲಾಗದೆಂದು ಬರೆದಿದ್ದ ಅದೇ ಕೈ ಇಪ್ಪತ್ತೈದು ಕೋಟಿ ಜನರ ಆಡಳಿತವನ್ನು ಒಬ್ಬ ಕಥೋಲಿಕನ ಕೈಗಿಟ್ಟಿತು. ಇಂಗ್ಲೆಂಡಿನಲ್ಲಿ ಪ್ರತಿಭಟನೆಗಳು ನಡೆದವು. ಆದರೆ ಗ್ಲ್ಯಾಡ್‌ಸ್ಟನ್ ಮಣಿಯಲಿಲ್ಲ. ತಮ್ಮ ಬರಹವನ್ನು ಅವರು ಹಿಂತೆಗೆದುಕೊಳ್ಳಲಿಲ್ಲ. ಆದರೆ ರಿಪ್ಪನ್‌ರ ಬದುಕೇ ಆ ಬರಹಕ್ಕೆ ಉತ್ತರವಾಗಿತ್ತು.

ಜೂನ್ ತಿಂಗಳಲ್ಲಿ ಸಿಮ್ಲಾದಲ್ಲಿ ರಿಪ್ಪನ್‌ರು ಅಧಿಕಾರ ಸ್ವೀಕರಿಸಿದರು. ಅವರ ಜೊತೆ ಬಂದ ಆತ್ಮಗುರು ಫಾದರ್ ಹೆನ್ರಿ ಕೆರ್ ಎಂಬ ಯೇಸುಸಭೆಯ ಯಾಜಕರು; ಹಿಂದೆ ನೌಕಾಪಡೆಯ ಅಧಿಕಾರಿಯಾಗಿದ್ದವರು. ವೈಸರಾಯರು ಬಲಿಪೂಜೆಯನ್ನು ಮರೆಮಾಚಲಿಲ್ಲ, ಯಾರ ಮುಂದೆಯೂ ಪ್ರದರ್ಶಿಸಲೂ ಇಲ್ಲ. ತಮ್ಮ ಪದವಿಯನ್ನು ಧರ್ಮಸಭೆಯ ಲಾಭಕ್ಕೆ ಬಳಸಿದರೆಂಬ ಆರೋಪವನ್ನು ಅವರ ವೈರಿಗಳೂ ಸಾಬೀತು ಮಾಡಲಾಗಲಿಲ್ಲ.

ಕನ್ನಡಿಗರಿಗೆ ಸಂಬಂಧಿಸಿದ ದೊಡ್ಡ ಘಟನೆ ಅವರು ಬಂದ ಒಂಬತ್ತು ತಿಂಗಳಲ್ಲೇ ನಡೆಯಿತು. 1831ರಿಂದ ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರುಗಳ ಆಳ್ವಿಕೆಯಲ್ಲಿತ್ತು. ಅದನ್ನು ಒಡೆಯರ ಮನೆತನಕ್ಕೆ ಮರಳಿಸುವ ತೀರ್ಮಾನ 1867ರಲ್ಲೇ ಲಂಡನ್ನಿನಲ್ಲಿ ಆಗಿತ್ತಾದರೂ ಅದನ್ನು ನೆರವೇರಿಸುವ ಭಾಗ್ಯ ರಿಪ್ಪನ್‌ರದಾಯಿತು. 1881ರ ಮಾರ್ಚ್ 25ರಂದು, ಅಂದರೆ ನಾವು ದೇವದೂತನ ಮಂಗಳವಾರ್ತೆಯ ಹಬ್ಬವನ್ನಾಚರಿಸುವ ದಿನ, ಹತ್ತನೆಯ ಚಾಮರಾಜ ಒಡೆಯರಿಗೆ ಅಧಿಕಾರ ಹಸ್ತಾಂತರವಾಯಿತು. ದಿವಾನ್ ರಂಗಾಚಾರ್ಲು ಅವರು ಅದೇ ಅಕ್ಟೋಬರ್ 7ರಂದು ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. 144 ಮಂದಿ ಬಂದು ಸೇರಿದರು. ಆ ಸಭೆ ರಂಗಾಚಾರ್ಲು ಅವರ ಕನಸು, ರಿಪ್ಪನ್‌ರದಲ್ಲ. ಆದರೆ ಎರಡೂ ಒಂದೇ ಕಾಲದ ಒಂದೇ ಗಾಳಿಯಲ್ಲಿ ಬೆಳೆದವು.

ಆ ದಿನಗಳ ಮೈಸೂರನ್ನು ಮಾತ್ರವಲ್ಲ, ನಮ್ಮ ಬಳ್ಳಾರಿ, ರಾಯಚೂರು, ಲಿಂಗಸುಗೂರು ಸೀಮೆಯನ್ನೂ ಬರಿದು ಮಾಡಿದ್ದ ಧಾತು ಈಶ್ವರ ಬರ ಆಗಷ್ಟೇ ಮುಗಿದಿತ್ತು. 1871ರಲ್ಲಿ 50 ಲಕ್ಷಕ್ಕೂ ಹೆಚ್ಚಿದ್ದ ಮೈಸೂರಿನ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕಿಂತ ಕಡಿಮೆಯಾಗಿತ್ತು. ಬರ ಬಂದಾಗ ಸರ್ಕಾರ ಏನು ಮಾಡಬೇಕು, ಯಾವಾಗ ಕಾಮಗಾರಿ ತೆರೆಯಬೇಕು, ಅಶಕ್ತರಿಗೆ ಹೇಗೆ ಅನ್ನ ಕೊಡಬೇಕು ಎಂಬ ಬರನಿಯಮಾವಳಿ ರೂಪುಗೊಂಡು ಜಾರಿಗೆ ಬಂದದ್ದು ರಿಪ್ಪನ್‌ರ ಕಾಲದಲ್ಲಿ, 1883ರಲ್ಲಿ. ಹಿಂದಿನ ವೈಸರಾಯ್ ಲಿಟ್ಟನ್‌ರು 1878ರಲ್ಲಿ ದೇಶಭಾಷಾ ಪತ್ರಿಕೆಗಳ ಬಾಯಿಗೆ ಹಾಕಿದ್ದ ಬೀಗವನ್ನು ಅವರು 1882ರಲ್ಲಿ ತೆಗೆದರು. 1881ರ ಕಾರ್ಖಾನೆ ಕಾಯಿದೆಯಂತೆ ಏಳು ವರ್ಷದೊಳಗಿನ ಮಕ್ಕಳನ್ನು ದುಡಿಸುವಂತಿಲ್ಲ. ಏಳರಿಂದ ಹನ್ನೆರಡರ ಮಕ್ಕಳಿಗೆ ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ಕೆಲಸವಿಲ್ಲ. ಇಂದು ಓದಿದರೆ ಇದೂ ಕ್ರೂರವೆನಿಸುತ್ತದೆ. ಆದರೆ ಅದಕ್ಕೆ ಮೊದಲು ಆ ಮಿತಿಯೂ ಇರಲಿಲ್ಲ.

1882ರ ಮೇ 18ರ ನಿರ್ಣಯ ಅವರ ಹೆಸರನ್ನು ಉಳಿಸಿತು. ಪಟ್ಟಣಗಳಲ್ಲೂ ತಾಲ್ಲೂಕುಗಳಲ್ಲೂ ಸ್ಥಳೀಯ ಮಂಡಳಿಗಳಿರಬೇಕು, ಅವುಗಳಲ್ಲಿ ಮೂರನೆಯ ಎರಡು ಪಾಲು ಸರ್ಕಾರಿ ನೌಕರರಲ್ಲದವರಿರಬೇಕು, ಸಾಧ್ಯವಾದಲ್ಲೆಲ್ಲ ಅಧ್ಯಕ್ಷನೂ ಅಧಿಕಾರಿಯಾಗಿರಬಾರದು ಎಂದು ಅದು ಹೇಳಿತು. ಇದರಿಂದ ಆಡಳಿತ ಒಮ್ಮೆಲೇ ಚುರುಕಾಗುತ್ತದೆಂದು ರಿಪ್ಪನ್‌ರು ಹೇಳಲಿಲ್ಲ. ಆರಂಭದಲ್ಲಿ ತಪ್ಪುಗಳಾಗುತ್ತವೆ, ಆದರೂ ಜನ ತಮ್ಮ ಕೆಲಸವನ್ನು ತಾವೇ ನಡೆಸಲು ಕಲಿಯುವ ಶಾಲೆ ಇದು ಎಂಬುದು ಅವರ ನಿಲುವು. ಅದರಂತೆ 1884ರ ಕಾಯಿದೆಗಳಿಂದ ಮುಂಬಯಿ ಪ್ರಾಂತ್ಯದ ಧಾರವಾಡ, ಬೆಳಗಾವಿ, ವಿಜಾಪುರಗಳಲ್ಲೂ ಮದ್ರಾಸು ಪ್ರಾಂತ್ಯದ ಬಳ್ಳಾರಿ, ದಕ್ಷಿಣ ಕನ್ನಡಗಳಲ್ಲೂ ಸ್ಥಳೀಯ ಮಂಡಳಿಗಳು ಹೊಸ ರೂಪ ಪಡೆದವು.

ನದಿಯ ಈಚೆ ದಡದಲ್ಲಿ

ಆದರೆ ತುಂಗಭದ್ರೆಯ ಈಚೆಗೆ? ಬಳ್ಳಾರಿಯವನಿಗೆ ದೊರೆತ ಹಕ್ಕು ಸಿಂಧನೂರಿನವನಿಗೆ ದೊರೆಯಲಿಲ್ಲ. ವಿಜಾಪುರ ಜಿಲ್ಲೆಯ ಹುನಗುಂದದವನಿಗೆ ದೊರೆತದ್ದು ನೆರೆಯ ಲಿಂಗಸುಗೂರಿನವನಿಗಿಲ್ಲ. ನಾವು ನಿಜಾಮನ ಪ್ರಜೆಗಳಾಗಿದ್ದೆವು. ರಿಪ್ಪನ್‌ರ ನಿರ್ಣಯ ಬ್ರಿಟಿಷ್ ಪ್ರಾಂತ್ಯಗಳ ಗಡಿಯಲ್ಲೇ ನಿಂತಿತು. ರಿಪ್ಪನ್‌ರು 1884ರ ಫೆಬ್ರವರಿಯಲ್ಲಿ ಹೈದರಾಬಾದಿಗೇನೋ ಬಂದರು. ಮಹಾದಿವಾನ ಸಾಲಾರ್ ಜಂಗರು ಹಿಂದಿನ ವರ್ಷವಷ್ಟೇ ಕಾಲರಾದಿಂದ ತೀರಿಕೊಂಡಿದ್ದರು. ಹದಿನೇಳರ ಹರೆಯದ ಮೀರ್ ಮಹಬೂಬ್ ಅಲಿ ಖಾನರಿಗೆ ಫೆಬ್ರವರಿ 5ರಂದು ಪೂರ್ಣಾಧಿಕಾರವನ್ನು ವಹಿಸಿಕೊಟ್ಟು ಹೊರಟುಹೋದರು. ಲಿಂಗಸುಗೂರಿನ ಛಾವಣಿಯಲ್ಲಿ ದಂಡು ಹಾಗೆಯೇ ಇತ್ತು. ಸಾಲಾರ್ ಜಂಗರು ಜೀವಮಾನವಿಡೀ ಕೇಳಿದ್ದ ಬೀರಾರ್ ಮರಳಲಿಲ್ಲ. ನಮ್ಮ ಜನ ಮತಪೆಟ್ಟಿಗೆಯ ಮುಂದೆ ನಿಂತದ್ದು ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ಮೇಲೆ, 1952ರ ಮೊದಲ ಮಹಾಚುನಾವಣೆಯಲ್ಲಿ. ಏಳು ದಶಕಗಳ ಈ ಅಂತರವನ್ನು ನೆನೆದರೆ, ಕಲ್ಯಾಣ ಕರ್ನಾಟಕ ಹಿಂದುಳಿದದ್ದು ಏಕೆ, 371-ಜೆ ಕಲಮು ಏಕೆ ಬೇಕಾಯಿತು ಎಂಬುದಕ್ಕೆ ಅರ್ಧ ಉತ್ತರ ದೊರೆಯುತ್ತದೆ. ಸ್ವಾತಂತ್ರ್ಯವನ್ನು ಅಭ್ಯಾಸ ಮಾಡಲು ನಮಗೆ ದೊರೆತ ಕಾಲವೇ ಕಡಿಮೆ.

ರಿಪ್ಪನ್‌ರನ್ನು ಅತಿಯಾಗಿ ಹೊಗಳುವುದೂ ಸಲ್ಲದು. ಅವರು ಸಾಮ್ರಾಜ್ಯದ ಪ್ರತಿನಿಧಿ. ಸಾಮ್ರಾಜ್ಯವನ್ನು ಬಿಟ್ಟುಕೊಡಲು ಬಂದವರಲ್ಲ. 1882ರಲ್ಲಿ ಅವರ ಸರ್ಕಾರ ಹತ್ತಿಬಟ್ಟೆಯ ಮೇಲೆ ಉಳಿದಿದ್ದ ಆಮದು ಸುಂಕವನ್ನೂ ತೆಗೆದುಹಾಕಿತು. ಅದರ ಲಾಭ ಲ್ಯಾಂಕಶೈರ್ ಗಿರಣಿಗಳಿಗೆ. ನಷ್ಟ ನಮ್ಮ ಮಗ್ಗ ಗಿರಣಿಗಳಿಗೆ. 1883ರಲ್ಲಿ ಇಲ್ಬರ್ಟ್ ಮಸೂದೆ ಬಂದಿತು. ಜಿಲ್ಲೆಗಳಲ್ಲಿ ಭಾರತೀಯ ನ್ಯಾಯಾಧೀಶರು ಯೂರೋಪಿಯನ್ನರ ಮೇಲಿನ ಮೊಕದ್ದಮೆಯನ್ನೂ ವಿಚಾರಿಸಬಹುದೆಂಬ ಸಾಧಾರಣ ನ್ಯಾಯವದು. ಕಲ್ಕತ್ತೆಯ ಬಿಳಿಯರು ಕೆರಳಿ, ವೈಸರಾಯರನ್ನೇ ಬಹಿಷ್ಕರಿಸಿ, ಬೀದಿಯಲ್ಲಿ ಅವಮಾನಿಸಿದರು. ಕೊನೆಗೆ 1884ರ ಜನವರಿಯಲ್ಲಿ ರಿಪ್ಪನ್‌ರು ರಾಜಿಗೆ ಒಪ್ಪಿದರು: ಆರೋಪಿ ಯೂರೋಪಿಯನ್ನನು ಕೇಳಿದರೆ ಅರ್ಧದಷ್ಟಾದರೂ ಬಿಳಿಯರಿರುವ ಜೂರಿ. ಮಸೂದೆ ಉಳಿಯಿತು, ಅದರ ತಿರುಳು ಹೋಯಿತು. ಧರ್ಮಕ್ಕಾಗಿ ಇಡೀ ಇಂಗ್ಲೆಂಡನ್ನು ಎದುರುಹಾಕಿಕೊಂಡವರು ಇಲ್ಲಿ ಏಕೆ ಸಡಿಲವಾದರು? ತನ್ನೊಬ್ಬನ ಬದುಕನ್ನು ಪಣಕ್ಕಿಡುವುದು ಒಂದು. ಮಂತ್ರಿಮಂಡಲ, ಅಧಿಕಾರಿವರ್ಗ, ಎರಡು ಜನಾಂಗಗಳ ನಡುವೆ ನಿಂತು ರಾಜ್ಯ ನಡೆಸುವುದು ಮತ್ತೊಂದು. ಒಳ್ಳೆಯ ಮನಸ್ಸಾಕ್ಷಿಯೊಂದೇ ಕೆಟ್ಟ ವ್ಯವಸ್ಥೆಯನ್ನು ಸರಿಪಡಿಸಲಾರದು ಎಂಬುದನ್ನು ಈ ಪ್ರಸಂಗ ನಮಗೆ ಕಲಿಸುತ್ತದೆ.

ಆದರೂ ಭಾರತೀಯರು ಅವರ ಮನಸ್ಸನ್ನು ಅರಿತರು. 1884ರ ಡಿಸೆಂಬರ್‌ನಲ್ಲಿ ಅವರು ಹಿಂದಿರುಗುವಾಗ ಕಲ್ಕತ್ತೆಯಿಂದ ಮುಂಬಯಿವರೆಗೆ ನಿಲ್ದಾಣ ನಿಲ್ದಾಣಗಳಲ್ಲಿ ಜನ ನೆರೆದು ಬೀಳ್ಕೊಟ್ಟರು. ಅಷ್ಟೊಂದು ಜನ ಒಂದೇ ಭಾವನೆಯಿಂದ ಒಟ್ಟಾಗಬಲ್ಲರೆಂದು ಆ ದಿನಗಳು ತೋರಿಸಿದವು. ಮರುವರ್ಷ ರಾಷ್ಟ್ರೀಯ ಕಾಂಗ್ರೆಸ್ ಹುಟ್ಟಿತು. ಚೆನ್ನೈ ಮಹಾನಗರಪಾಲಿಕೆಯ ಬಿಳಿಯ ಕಟ್ಟಡ ಇಂದಿಗೂ ರಿಪ್ಪನ್ ಕಟ್ಟಡವೇ.

ಕೊನೆಯ ರಾಜೀನಾಮೆ

ಊರಿಗೆ ಮರಳಿದ ರಿಪ್ಪನ್‌ರು 1886ರಲ್ಲಿ ನೌಕಾಖಾತೆ, 1892ರಿಂದ 1895ರವರೆಗೆ ವಸಾಹತು ಖಾತೆ, 1905ರಿಂದ ಲಾರ್ಡ್ಸ್ ಸಭೆಯಲ್ಲಿ ಲಿಬರಲ್ ಪಕ್ಷದ ನಾಯಕತ್ವ ಹೊತ್ತರು. ಅದರ ನಡುವೆ ಇಂಗ್ಲೆಂಡಿನ ಸಂತ ವಿನ್ಸೆಂಟ್ ದೆ ಪೌಲರ ಸಭೆಯ ಅಧ್ಯಕ್ಷರಾಗಿ ಬಡವರ ಸೇವೆಯಲ್ಲಿ ತೊಡಗಿದರು. ನಮ್ಮ ಧರ್ಮಕೇಂದ್ರಗಳಲ್ಲಿ ಭಾನುವಾರ ಸಂಜೆ ಕೂಡಿ, ಚಿಲ್ಲರೆ ಕಾಸು ಎಣಿಸಿ, ಯಾರ ಮನೆಗೆ ಅಕ್ಕಿ, ಯಾರಿಗೆ ಔಷಧಿ ಎಂದು ಲೆಕ್ಕ ಹಾಕುವ ಅದೇ ಸಭೆ.

1908ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಪರಮಪ್ರಸಾದ ಸಮ್ಮೇಳನ ನಡೆಯಿತು. ಕೊನೆಯ ದಿನ ಪರಮಪ್ರಸಾದದ ಮೆರವಣಿಗೆ ಬೀದಿಯಲ್ಲಿ ಸಾಗಬೇಕಿತ್ತು. ಪ್ರಾಟೆಸ್ಟೆಂಟ್ ಸಂಘಗಳು ವಿರೋಧಿಸಿದವು. ಹಳೆಯ ಕಾನೂನೊಂದು ಅಡ್ಡಬಂದಿತು. ಪ್ರಧಾನಿ ಆಸ್ಕ್ವಿತ್ ಮೆರವಣಿಗೆಯಲ್ಲಿ ಪರಮಪ್ರಸಾದವಿರಕೂಡದೆಂದು ಮಹಾಧರ್ಮಾಧ್ಯಕ್ಷ ಬೋರ್ನ್ ಅವರಿಗೆ ತಿಳಿಸಬೇಕಾದಾಗ ಬಳಸಿದ್ದು ಸಂಪುಟದ ಕಥೋಲಿಕ ಸದಸ್ಯರಾದ ರಿಪ್ಪನ್‌ರನ್ನೇ. ಅವರು ಸಂದೇಶವನ್ನು ಮುಟ್ಟಿಸಿದರು. ಪರಮಪ್ರಸಾದವಿಲ್ಲದೆ ಮೆರವಣಿಗೆ ನಡೆದು, ವೆಸ್ಟ್‌ಮಿನ್‌ಸ್ಟರ್ ಪ್ರಧಾನಾಲಯದ ಮೇಲುಪ್ಪರಿಗೆಯಿಂದ ಆಶೀರ್ವಾದ ನೀಡಲಾಯಿತು. ಮುಂದಿನ ತಿಂಗಳು ರಿಪ್ಪನ್‌ರು ಸರ್ಕಾರದಿಂದ ಹೊರಬಂದರು. ಅವರಿಗಾಗ ಎಂಬತ್ತೊಂದರ ಹೊಸ್ತಿಲು. ಹೊರಗೆ ಹೇಳಿದ ಕಾರಣ ವಯಸ್ಸು. ಒಳಗಿನ ಕಾರಣ ಬಲ್ಲವರೆಲ್ಲ ಬಲ್ಲರು. 1909ರ ಜುಲೈ 9ರಂದು ಸ್ಟಡ್ಲಿ ರಾಯಲ್‌ನಲ್ಲಿ ಕಣ್ಣುಮುಚ್ಚಿದರು. ಅಲ್ಲಿ ಭಾವಮೈದುನನ ನೆನಪಿಗೆ ಹೆನ್ರಿಯೆಟ್ಟಾ ಕಟ್ಟಿಸಿದ್ದ ಆಂಗ್ಲಿಕನ್ ದೇವಾಲಯದಲ್ಲಿ, ಎರಡು ವರ್ಷ ಮೊದಲೇ ತೀರಿದ್ದ ಪತ್ನಿಯ ಪಕ್ಕದಲ್ಲಿ ಅವರನ್ನು ಇರಿಸಲಾಯಿತು. ಐವತ್ತಾರು ವರ್ಷದ ದಾಂಪತ್ಯವನ್ನು ಬೇರ್ಪಡಿಸದ ಎರಡು ಸಭೆಗಳು ಸಾವಿನಲ್ಲೂ ಅವರನ್ನು ಬೇರ್ಪಡಿಸಲಿಲ್ಲ.

ನಮಗೇನು?

ನಮ್ಮ ಮಸ್ಕಿಯ ಬಂಡೆಯ ಮೇಲೆ ಒಂದು ಶಾಸನವಿದೆ. 1915ರಲ್ಲಿ ಚಿನ್ನ ಹುಡುಕಲು ಬಂದ ಎಂಜಿನಿಯರ್ ಬೀಡನ್ ಅದನ್ನು ಕಂಡರು. ‘ದೇವಾನಾಂಪ್ರಿಯ’ ಎಂದರೆ ಅಶೋಕನೇ ಎಂದು ತಿಳಿಸಿಕೊಟ್ಟ ಪ್ರಸಿದ್ಧ ಶಾಸನವದು. ಅದರಲ್ಲಿ ಆ ಚಕ್ರವರ್ತಿ ತಾನು ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷ ಮೀರಿತೆಂದು ಹೇಳಿಕೊಳ್ಳುತ್ತಾನೆ. ಧರ್ಮದ ಫಲ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ದೊರೆಯಬಲ್ಲದೆಂದು ಸಾರುತ್ತಾನೆ. ಮನಪರಿವರ್ತನೆ ಹೊಂದಿದ ಆಳುವವನೊಬ್ಬನ ಮಾತು ಎರಡು ಸಾವಿರ ವರ್ಷಗಳಿಂದ ನಮ್ಮ ಹೊಲಗಳ ನಡುವೆಯೇ ನಿಂತಿದೆ. ಆಳುವವನ ಧರ್ಮಕ್ಕೆ ಬೆಲೆ ಬರುವುದು ಅವನು ಯಾವ ಮಂದಿರಕ್ಕೆ ಹೋದ ಎಂಬುದರಿಂದಲ್ಲ. ಸಣ್ಣವರ ಬದುಕು ಅದರಿಂದ ಎಷ್ಟು ಹಗುರವಾಯಿತು ಎಂಬುದರಿಂದ. ರಿಪ್ಪನ್‌ರನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು.

ಗ್ಲ್ಯಾಡ್‌ಸ್ಟನ್ ಎತ್ತಿದ ಪ್ರಶ್ನೆ ಇಂದಿಗೂ ಸತ್ತಿಲ್ಲ. ನಿಮ್ಮ ನಿಷ್ಠೆ ಎಲ್ಲಿ, ರೋಮಿನಲ್ಲೋ ಈ ನೆಲದಲ್ಲೋ ಎಂದು ನಮ್ಮನ್ನೂ ಕೇಳುವವರಿದ್ದಾರೆ. ಆದಿಲಶಾಹಿಗಳ ಕಾಲದಿಂದ ಮುದಗಲ್ಲಿನಲ್ಲಿ ಕೋಟೆಯ ನೆರೆಯಲ್ಲೇ ಬಾಳಿ, ಊರಿನ ಮೊಹರಂ ಜಾತ್ರೆಗಳ ನಡುವೆ ತಮ್ಮ ವಿಶ್ವಾಸದ ದೀಪವನ್ನು ಆರದಂತೆ ಕಾಪಾಡಿಕೊಂಡು ಬಂದ ನಮ್ಮ ಹಿರಿಯರನ್ನು ಕಂಡವರಿಗೆ ಆ ಪ್ರಶ್ನೆ ಅರ್ಥಹೀನ. ಆದರೂ ಕೇಳಿದಾಗ ಕೋಪಗೊಳ್ಳುವುದು ಬೇಡ. ರಿಪ್ಪನ್‌ರಂತೆ ಕೆಲಸದಿಂದ ಉತ್ತರಿಸೋಣ. ಕೈಸರನ ನಾಣ್ಯವನ್ನು ಕೈಯಲ್ಲಿ ಹಿಡಿದು ಪ್ರಭು ಯೇಸು ತೋರಿಸಿಕೊಟ್ಟ ದಾರಿಯೂ ಅದೇ: ನಾಡಿನ ಋಣ ನಾಡಿಗೆ ಸಲ್ಲಬೇಕು, ದೇವರ ಋಣ ದೇವರಿಗೆ.

ನಮ್ಮಲ್ಲಿ ಅನೇಕರು ರಾಜಕೀಯವೆಂದರೆ ಕೊಳಕೆಂದು ದೂರ ನಿಲ್ಲುತ್ತಾರೆ. ಎರಡನೆಯ ವ್ಯಾಟಿಕನ್ ಮಹಾಸಭೆ ಹಾಗೆ ಕಲಿಸಲಿಲ್ಲ. ಸಾರ್ವಜನಿಕ ಸೇವೆಯನ್ನು ಅದು ಗೌರವದಿಂದ ಕಂಡಿತು. 2000ದಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲ್ ಅವರು ರಾಜಕಾರಣಿಗಳ ಪಾಲಕರನ್ನಾಗಿ ಘೋಷಿಸಿದ್ದು ಸಂತ ಥಾಮಸ್ ಮೋರರನ್ನು; ಅವರೂ ಅದೇ ಪಾರ್ಲಿಮೆಂಟಿನ ಸದಸ್ಯರು, 1523ರಲ್ಲಿ ಕಾಮನ್ಸ್ ಸಭೆಯ ಸಭಾಧ್ಯಕ್ಷರು. ಮೋರರು ಮನಸ್ಸಾಕ್ಷಿಗಾಗಿ ತಲೆಯನ್ನೇ ಕೊಟ್ಟರು. ಎಲ್ಲರಿಗೂ ಅಂಥ ಕರೆ ಬರುವುದಿಲ್ಲ. ರಿಪ್ಪನ್‌ರಿಗೆ ಬಂದದ್ದು ಚಿಕ್ಕ ಕರೆ: ಆರು ವರ್ಷ ಮೂಲೆಯಲ್ಲಿರುವುದು, ಕೆಲವೊಮ್ಮೆ ಗೆಲ್ಲುವುದು, ಕೆಲವೊಮ್ಮೆ ಅರ್ಧಕ್ಕೆ ಒಪ್ಪಿಕೊಳ್ಳುವುದು, ಆದರೂ ಕೆಲಸ ಬಿಡದಿರುವುದು. ನಮ್ಮಲ್ಲಿ ಹೆಚ್ಚಿನವರಿಗೆ ಬರುವ ಕರೆಯೂ ಇಂಥದ್ದೇ.

ಅಬ್ದುಲ್ ನಜೀರ್ ಸಾಬರು ಈ ನಾಡಿನಲ್ಲಿ ಬಲಪಡಿಸಿದ, 1993ರಿಂದ ಸಂವಿಧಾನದ ರಕ್ಷಣೆ ಪಡೆದ ಪಂಚಾಯಿತಿ ಇಂದು ನಿಮ್ಮ ಊರಿನಲ್ಲೂ ಇದೆ. ಅದರ ಗ್ರಾಮಸಭೆ ಕೂಡುವ ದಿನ ನೀವು ಎಲ್ಲಿರುತ್ತೀರಿ? ಕುಡಿಯುವ ನೀರಿನ ಕೊಳವೆ ಯಾವ ಕೇರಿಗೆ ಮುಟ್ಟಿಲ್ಲ, ಉದ್ಯೋಗ ಚೀಟಿಯ ಕೂಲಿ ಯಾರಿಗೆ ಬಂದಿಲ್ಲ, ಅಂಗನವಾಡಿಯ ಚಾವಣಿ ಎಲ್ಲಿ ಸೋರುತ್ತಿದೆ ಎಂದು ಎದ್ದುನಿಂತು ಕೇಳುವವರು ಬೇಕಾಗಿದ್ದಾರೆ. ಮುಂದಿನ ಗ್ರಾಮಸಭೆಯ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಹಬ್ಬಗಳ ಪಕ್ಕದಲ್ಲೇ ಬರೆದಿಡಿ. ಆ ದಿನ ಬಲಿಪೂಜೆಯಿಂದ ನೇರವಾಗಿ ಅಲ್ಲಿಗೆ ನಡೆಯಿರಿ.